ಉಸಿರು ಸರಿಪಡಿಸಿ

ಅವಳು ಓದಿ ಕಳಿಸಿ, ಮೂರನೆಯ ಸಲ ವಾಪಸು ಬಂದ ಅಧ್ಯಾಯಗಳ ಜೊತೆಗೂ ಅದೇ ಎರಡು ಪದಗಳಿದ್ದವು: ಉಸಿರು ಸರಿಪಡಿಸಿ. ಉಚ್ಚಾರಣೆ ತಪ್ಪಿದ್ದರೆ ಯಾವ ಪದವೆಂದು ಬರೆಯುತ್ತಾರೆ, ಕುರ್ಚಿ ಕಿರುಗುಟ್ಟಿದ್ದರೆ ಎಷ್ಟನೆಯ ನಿಮಿಷವೆಂದು ಬರೆಯುತ್ತಾರೆ; ಉಸಿರಿಗೆ ಮಾತ್ರ ವಿಳಾಸವಿಲ್ಲ. ಗ್ರಂಥಾಲಯದ ಕಚೇರಿಯವರು ಟೈಪು ಮಾಡಿ ಕಳಿಸಿದ ಆ ಚೀಟಿಯಲ್ಲಿ ಸಹಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿಯಲ್ಲಿ ಕೂಡಿಡುವ ಆ ಗ್ರಂಥಾಲಯದಲ್ಲಿ ಓದುವ ಬಾಯಿ ಇಪ್ಪತ್ತಿದ್ದರೂ ಕೇಳಿ ತೀರ್ಪು ಕೊಡುವ ಕಿವಿ ಒಂದೇ, ಮತ್ತು ಆ ಕಿವಿ ಅವಳ ಅಕ್ಕನದು. ಅಕ್ಕತಂಗಿಯರ ನಡುವೆ ಈ ವಿಷಯದ ಮಾತೇ ಇಲ್ಲ. ಕೆಲಸ ಬೇರೆ, ರಕ್ತ ಬೇರೆ ಎಂದು ಅಕ್ಕ ಮೊದಲ ದಿನವೇ ಗೆರೆ ಎಳೆದಿದ್ದಳು. ಫೋನು ಮಾಡಿದರೆ ಮೊಣಕಾಲು ನೋವು, ಉಕ್ಕಿಹೋದ ಹಾಲು, ಮೇಲಿನ ಮನೆಯವರ ನಾಯಿ. ‘ಸರಿಪಡಿಸಿ’ ಎಂಬ ಆ ಬಹುವಚನ ಅವಳನ್ನು ಚುಚ್ಚುತ್ತಿತ್ತು. ಹುಟ್ಟಿದಾಗಿನಿಂದ ಕೋತಿ, ಕತ್ತೆ ಎಂದು ಕರೆದ ಬಾಯಿ ಒಂದು ಚೀಟಿಯಲ್ಲಿ ಬಹುವಚನಕ್ಕೆ ತಿರುಗಿದರೆ, ತವರಿನ ಬಾಗಿಲಲ್ಲೇ ನಿಲ್ಲಿಸಿ ಯಾರು ಬೇಕಿತ್ತು ಎಂದು ಕೇಳಿದ ಹಾಗೆ.

ನಿನ್ನ ಉಸಿರು ಕೇಳಿಸುತ್ತಿದೆ, ಎಂದು ಅವಳು ಅರ್ಥ ಮಾಡಿಕೊಂಡಿದ್ದಳು. ಐವತ್ತೆರಡಾಯಿತು, ಮೈ ಭಾರವಾಗಿದೆ, ಎರಡು ಸಾಲು ಓದುವಷ್ಟರಲ್ಲಿ ಮೂಗಿನಿಂದ ತಿದಿಯ ಸದ್ದು ಬರುತ್ತದೆ. ಮೈಕು ಅದನ್ನೂ ಹಿಡಿಯುತ್ತದೆ, ಅಕ್ಕನ ಕಿವಿ ಮೈಕಿಗಿಂತ ಸೂಕ್ಷ್ಮ. ನಾಚಿಕೆಯಾಯಿತು. ತಾನು ಸ್ನಾನ ಮಾಡುವುದನ್ನು ಯಾರೋ ಗೋಡೆಯಾಚೆ ನಿಂತು ಕೇಳಿಸಿಕೊಂಡಂಥ ನಾಚಿಕೆ. ಮೊದಲೇ ಉಸಿರಿನ ಸದ್ದಿಗೆ ಹೆದರಿ ತಡೆತಡೆದು ಓದುತ್ತಿದ್ದವಳು ಅಂದಿನಿಂದ ಪ್ರತಿ ಸಾಲಿನ ಕೊನೆಗೆ ಪೂರ್ತಿ ಉಸಿರು ಬಿಗಿಹಿಡಿದು, ಮೈಕಿನಿಂದ ಮುಖ ತಿರುಗಿಸಿ, ಬಾಯಿ ಅಗಲಿಸಿ ಕಳ್ಳಿಯಂತೆ ಗಾಳಿ ಎಳೆದುಕೊಂಡು ಮುಂದಿನ ಸಾಲಿಗೆ ಮರಳುವುದನ್ನು ಕಲಿತಳು. ಅದೂ ಕೇಳಿಸಿದರೆ ಕಂಪ್ಯೂಟರಿನಲ್ಲಿ ಕೂತು ಒಂದೊಂದೇ ಉಸಿರನ್ನು ಹುಡುಕಿ ಕತ್ತರಿಸಿ ಎಸೆದಳು. ಆದರೂ ಚೀಟಿ ಬಂತು. ಹೊರಗಿನ ಸದ್ದೇ ಉಸಿರಿನಂತೆ ಕೇಳುತ್ತಿದೆಯೇನೋ ಎಂದು ಅನುಮಾನವಾಗಿ, ಮನೆಯಲ್ಲೇ ಮಾಡಿಕೊಂಡಿದ್ದ ಓದುವ ಕೋಣೆಯ ಬಾಗಿಲ ಸಂದಿಗೆ ರಬ್ಬರು ಪಟ್ಟಿ ಅಂಟಿಸಿದಳು, ಗೋಡೆಗಳಿಗೆ ಇನ್ನೊಂದು ಪದರ ಫೋಮು ಹಾಕಿಸಿದಳು, ಸೂರಿನ ಕೆಳಗಿದ್ದ ಒಂದೇ ಒಂದು ಗವಾಕ್ಷಿಗೆ ಹಲಗೆ ಹೊಡೆಸಿ ಹಳೆಯ ರಜಾಯಿ ತುರುಕಿದಳು. “ಬೆಂಕಿಪೊಟ್ಟಣದೊಳಗಿನ ಜೀರುಂಡೆ” ಎಂದು ಗಂಡ ನಕ್ಕಿದ್ದ. ಹೋದ ವಾರ ಎರಡು ಗಂಟೆ ಒಳಗೆ ಕೂತವಳು ಒಂದೇ ಸಾಲನ್ನು ಮೂರು ಸಲ ಓದಿ, ಕೆನ್ನೆಯನ್ನು ಪುಸ್ತಕದ ಮೇಲಿಟ್ಟು ಮಲಗಿಬಿಟ್ಟಿದ್ದಳು. ಎದ್ದಾಗ ತಲೆಯೊಳಗೆ ಯಾರೋ ಕುಟ್ಟುತ್ತಿದ್ದರು, ಕೆನ್ನೆಯ ಬೆವರಿಗೆ ಪುಟ ಒದ್ದೆಯಾಗಿತ್ತು, ಮೈಕು ಅವಳ ಗೊರಕೆಯನ್ನು ನಿಷ್ಠೆಯಿಂದ ಬರೆದುಕೊಂಡಿತ್ತು. ಮಾರನೆಯ ದಿನ ಕೊನೆಯ ಚೀಟಿ: ನಾಲ್ಕನೆಯ ಸಲವೂ ಆಗದಿದ್ದರೆ ಪುಸ್ತಕವನ್ನು ಯಂತ್ರದ ದನಿಗೆ ಕೊಡಲಾಗುವುದು, ಪರಿಶೀಲಕರು ಗುರುವಾರ ನಾಲ್ಕು ಗಂಟೆಗೆ ತಮ್ಮ ಧ್ವನಿಕೋಣೆಗೆ ಖುದ್ದಾಗಿ ಬರುತ್ತಾರೆ.

ಪರಿಶೀಲಕರು! ಅಂದರೆ ಅಕ್ಕ. ಇವತ್ತು ಗುರುವಾರ. ಅಡುಗೆಮನೆಯ ಪಕ್ಕದಲ್ಲಿ ಎರಡು ವರ್ಷದ ಹಿಂದೆ ಸಾಮಾನಿನ ಕೋಣೆಯಾಗಿದ್ದ, ಎಂಟಡಿ ಉದ್ದ ಆರಡಿ ಅಗಲದ ಈ ಗೂಡಿನ ನಡುವೆ, ಸೆಕೆ ತಾಳದೆ ಅವಳು ಕರೆಸಿದ್ದ ಎಸಿ ಮೆಕ್ಯಾನಿಕ್ಕು ಸೊಂಟದ ಮೇಲೆ ಕೈಯಿಟ್ಟು ನಿಂತು ಗಾಳಿಯನ್ನು ಮೂಸಿ ನೋಡುತ್ತಿದ್ದರು. ಅವಳಷ್ಟೇ ವಯಸ್ಸಿನ, ಹೊಟ್ಟೆ ಮುಂದೆ ಬಂದ, ಮಾತು ಶುರುಮಾಡಿದರೆ ಪಾಠವನ್ನೇ ಮಾಡುವ ಮನುಷ್ಯ; ಬೀದಿಯವರು ಅವರನ್ನು ಗಾಳಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಏಣಿ ಹತ್ತಿ ಫೋಮಿನ ಅಂಚನ್ನು ಎಬ್ಬಿಸಿದವರೇ, “ಇಲ್ಲೊಂದು ಗವಾಕ್ಷಿ ಇದೆಯಲ್ಲ ಮೇಡಂ, ಯಾವನೋ ಪೆದ್ದ ಮುಚ್ಚಿಬಿಟ್ಟಿದ್ದಾನೆ” ಎಂದರು.

“ನಾನೇ ಮುಚ್ಚಿಸಿದ್ದು.”

ಮೇಷ್ಟ್ರು ಏಣಿಯ ಮೇಲೆಯೇ ನಾಲಿಗೆ ಕಚ್ಚಿಕೊಂಡರು. “ಅಲ್ಲ, ಅಚ್ಚುಕಟ್ಟಾಗಿ ಮುಚ್ಚಿದ್ದೀರಿ ಅಂದೆ.”

“ಹೇಗೂ ಎಸಿ ಬರುತ್ತಲ್ಲ, ಅದೇ ಗಾಳಿ ಕೊಡುತ್ತೆ ಅಂತ.”

“ಎಲ್ಲರೂ ಹಾಗೇ ಅಂದ್ಕೊಳ್ಳೋದು. ಹೊರಗಿಂದ ತಣ್ಣನೆ ಗಾಳಿ ತಂದು ಸುರಿಯುತ್ತೆ ಅಂತ. ಇಲ್ಲ ಮೇಡಂ. ಒಳಗಿರೋ ಗಾಳೀನೇ ಎಳ್ಕೊಂಡು, ಅದರ ಬಿಸಿ ಕಿತ್ಕೊಂಡು, ಅದನ್ನೇ ವಾಪಸ್ ಕೊಡುತ್ತೆ. ನೀವು ಬಿಟ್ಟ ಉಸಿರನ್ನೇ ತಣ್ಣಗೆ ಮಾಡಿ ನಿಮಗೇ ಬಡಿಸುತ್ತೆ. ಎಂಜಲು!” ಅವರು ಕೆಳಗಿಳಿದರು. “ಪ್ರಾಣಕ್ಕೇನೂ ಆಗಲ್ಲ. ಬುದ್ಧಿಗೆ ಮಂಕು ಹಿಡಿಯುತ್ತೆ. ಹಿಡಿದಿಲ್ವಾ? ಗೋಡೆಗೆ ಎರಡು ತೂತು ಕೊರೀಬೇಕು.”

ಎಂಜಲು ಎಂಬ ಪದ ಅವಳನ್ನು ಬಾಗಿಲ ಚೌಕಟ್ಟಿನಲ್ಲೇ ನಿಲ್ಲಿಸಿತ್ತು. ಎರಡು ವರ್ಷ ಈ ಕೋಣೆಯಲ್ಲಿ ಓದಿದ ಮಾತೆಲ್ಲ, ರಾಜರ ಜಗಳ, ನಕ್ಷತ್ರಗಳ ದೂರ, ಯಾರದೋ ಆತ್ಮಕಥೆ, ಎಲ್ಲ ಅವಳ ಬಾಯಿಂದ ಹೊರಟು ಹೊರಹೋಗಲು ದಾರಿಯಿಲ್ಲದೆ ಇಲ್ಲೇ ಸುತ್ತಿ ಮತ್ತೆ ಅವಳ ಬಾಯನ್ನೇ ಹೊಕ್ಕಿವೆ. ಎಷ್ಟಿರಬಹುದು ಇಲ್ಲಿ ಗಾಳಿ, ಎಂದು ಸುಮ್ಮನೆ ಕೇಳಿದಳು. ಮೇಷ್ಟ್ರು ಗೋಡೆಯಿಂದ ಗೋಡೆಗೆ ಕಣ್ಣಳತೆ ಮಾಡಿ, ಬೆರಳಲ್ಲಿ ಲೆಕ್ಕ ಹಾಕಿ, “ತೂಕದಲ್ಲಿ ಹೇಳ್ಲಾ? ಹದಿನಾಲ್ಕು ಕೇಜಿ ಆದೀತು” ಎಂದರು. ಅವಳು ನಗಲಿಲ್ಲ. ಹದಿನಾಲ್ಕು ಕೇಜಿ. ಮೂರು ವರ್ಷದ ಮಗುವಿನಷ್ಟು. ಖಾಲಿ ಎಂದುಕೊಂಡ ಕೋಣೆಯಲ್ಲಿ ಅಷ್ಟು ದಿನವೂ ಒಂದು ಮಗುವಿನ ತೂಕ ಅವಳ ಸುತ್ತ ಕೂತಿತ್ತು, ಅವಳು ಅದಕ್ಕೆ ತಿನ್ನಲು ಕೊಟ್ಟಿರಲಿಲ್ಲ.

“ತೂತು ಕೊರೆದರೆ ಶಬ್ದ ಬರುತ್ತಲ್ಲ ಮೇಷ್ಟ್ರೇ? ನನಗೆ ಒಂದು ಸೊಳ್ಳೆಯಷ್ಟು ಶಬ್ದವೂ ಬರಬಾರದು.”

“ಅಲ್ಲೇ ಇರೋದು ಗಮ್ಮತ್ತು.” ಇಂಥ ಕೋಣೆಗೆಂದೇ, ತೂತಿನ ಎರಡೂ ಕಡೆ ಕೂರಿಸಲು ಮಾಡಿಕೊಂಡು ಬಂದಿದ್ದ ಮರದ ಪೆಟ್ಟಿಗೆಗಳಲ್ಲಿ ಒಂದರ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಅಡ್ಡಡ್ಡ ಹಲಗೆಗಳು, ಒಂದೊಂದಕ್ಕೂ ಮೆತ್ತೆ, ನಡುವೆ ಹಾವಿನಂತೆ ಹೊರಳುವ ಓಣಿ. “ಶಬ್ದಕ್ಕೆ ಜಂಬ ಜಾಸ್ತಿ. ನೆಟ್ಟಗೇ ಹೋಗಬೇಕು ಅದಕ್ಕೆ. ನಾಲ್ಕು ಸಲ ತಿರುಗಿಸಿದ್ರೆ ಈ ಮೆತ್ತೆಗೆ ತಲೆ ಚಚ್ಚಿಕೊಂಡು ಅಲ್ಲೇ ಸಾಯುತ್ತೆ. ಗಾಳಿ ಹಾಗಲ್ಲ. ತಿರುಗು ಅಂದ್ರೆ ತಿರುಗುತ್ತೆ, ಬಗ್ಗು ಅಂದ್ರೆ ಬಗ್ಗುತ್ತೆ. ಅವಸರ ಮಾಡಬಾರದು ಅಷ್ಟೆ, ಅವಸರದ ಗಾಳೀನೇ ಸಿಳ್ಳೆ ಹಾಕೋದು. ಕೆಳಗೊಂದು ಬರೋಕೆ, ಮೇಲೊಂದು ಹೋಗೋಕೆ. ಹೋಗೋಕೆ ದಾರಿ ಇಲ್ಲದ ಕಡೆ ಗಾಳಿ ಬರೋದೂ ಇಲ್ಲ. ನೆಂಟರ ಥರ ಅಲ್ಲ ಅದು.”

ಕೊರೆಯುವ ಯಂತ್ರ ಗೋಡೆಗೆ ಬಾಯಿಟ್ಟಿತು. ಬೂದು ನೀರು ಗೋಡೆಯುದ್ದಕ್ಕೂ ಇಳಿದು ಅವಳು ಹಾಸಿದ್ದ ಹಳೆಯ ಸೀರೆಯ ಮೇಲೆ ಹರಡಿತು, ಮನೆಯ ಪಾತ್ರೆಗಳೆಲ್ಲ ಗಲಗಲ ಎಂದವು, ಆ ಗದ್ದಲದ ನಡುವೆ ಅವಳ ನೆನಪಿನಲ್ಲಿ ಅಕ್ಕ ತವರಿನ ಮೆಟ್ಟಿಲ ಮೇಲೆ ಕೂತಿದ್ದಳು. ಓದೇ ಕೋತಿ, ನಿಲ್ಲಿಸಿದ್ದು ಯಾಕೆ. ಹತ್ತೊಂಬತ್ತು ವರ್ಷದ ಅಕ್ಕ, ದೃಷ್ಟಿ ಹೋಗಿ ಒಂದು ವರ್ಷ. ಹನ್ನೊಂದು ವರ್ಷದ ಅವಳು ತೊಡೆಯ ಮೇಲೆ ಇತಿಹಾಸದ ಪುಸ್ತಕ ಹರಡಿಕೊಂಡು ದಿನಾ ನಾಲ್ಕರಿಂದ ಆರರವರೆಗೆ ಓದಬೇಕು, ಅಕ್ಕ ಕೇಳಿ ನೆನಪಿಟ್ಟುಕೊಂಡು ಪರೀಕ್ಷೆಯಲ್ಲಿ ಹೇಳಿ ಬರೆಸಬೇಕು. ಕೆಳಗೆ ಬೀದಿಯಲ್ಲಿ ಗೆಳತಿಯರು ಹಗ್ಗ ಬೀಸುವ ಸದ್ದು, ಒಂದು, ಎರಡು, ಮೂರು, ಯಾರದೋ ಸರದಿ ಬಂತು, ಅವಳ ಸರದಿ ಎಂದೂ ಬರಲಿಲ್ಲ. ಅಕ್ಕನ ಮುಖ ಅವಳ ಕಡೆಗೇ ಇತ್ತು, ಕಣ್ಣುಗಳು ಮಾತ್ರ ಅವಳ ಕಿವಿಯ ಮೇಲೆ ಎಲ್ಲೋ ನೆಟ್ಟಿದ್ದವು. ಹೆಬ್ಬೆರಳಿಗೆ ಆರು ಹಾಳೆ ಒಟ್ಟಿಗೆ ಸಿಕ್ಕವು. ಆರನ್ನೂ ಒಟ್ಟಿಗೆ ತಿರುಗಿಸಿ ಆಚೆ ದಡದಿಂದ ಓದತೊಡಗಿದಳು. ಅಕ್ಕ ತಲೆಯಾಡಿಸುತ್ತಲೇ ಇದ್ದಳು. ಪರೀಕ್ಷೆಯ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತ, “ಎರಡು ಪ್ರಶ್ನೆ ಎಲ್ಲಿಂದ ಕೇಳಿದ್ರೋ ಗೊತ್ತಾಗಲಿಲ್ಲ” ಎಂದಿದ್ದಳು. ನಾಲ್ಕು ಅಂಕ ಕಮ್ಮಿಯಾಗಿ ನಪಾಸು. ಅಮ್ಮ ಹಣೆಬರಹ ಎಂದಳು. ಅಕ್ಕ ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಯಾವುದೋ ಆಸ್ಪತ್ರೆಯ ಟೆಲಿಫೋನು ಸ್ವಿಚ್‌ಬೋರ್ಡಿನ ಮುಂದೆ ಮೂವತ್ತು ವರ್ಷ ಕೂತು, ಈ ವಾರ್ಡಿನವರನ್ನು ಆ ವಾರ್ಡಿನವರಿಗೆ ಜೋಡಿಸಿದಳು. ಆರು ಹಾಳೆಯ ಮಾತನ್ನು ತಂಗಿ ಯಾರಿಗೂ ಹೇಳಲಿಲ್ಲ, ಗಂಡನಿಗೂ. ಗ್ರಂಥಾಲಯದವರು ಓದುವವರು ಬೇಕೆಂದು ಕೇಳಿದಾಗ ಮೊದಲು ಕೈಯೆತ್ತಿದಳು. ಎರಡು ವರ್ಷದಲ್ಲಿ, ಯಾವ ಹಾಳೆಯನ್ನೂ ಹಾರಿಸದೆ ಓದಿದ ಹದಿನೇಳು ಪುಸ್ತಕಗಳು. ಇವತ್ತು ಈ ಕೋಣೆ ಹೋದರೆ ಅವಳಿಗೆ ಪ್ರಾಯಶ್ಚಿತ್ತಕ್ಕೆ ಬೇರೆ ಜಾಗ ಗೊತ್ತಿರಲಿಲ್ಲ.

“ಬಂತು!” ಎಂದರು ಮೇಷ್ಟ್ರು.

ಯಂತ್ರ ನಿಂತಿತು. ಗೋಡೆಯೊಳಗಿಂದ ಒಂದು ದುಂಡನೆಯ ತುಂಡನ್ನು ಎಳೆದು ಅವಳ ಕೈಯಲ್ಲಿಟ್ಟರು: ಒಂದು ತುದಿಗೆ ಒಳಗಿನ ಬಣ್ಣ, ಆಮೇಲೆ ಗಾರೆ, ಇಟ್ಟಿಗೆ, ಮತ್ತೆ ಗಾರೆ, ಕೊನೆಗೆ ಹೊರಗಿನ ಬಿಸಿಲಿಗೆ ಮಾಸಿದ ಬಣ್ಣ. ಒಳಗೂ ಹೊರಗೂ ಇಷ್ಟೇ ಅಂತರ. ಇದ್ದ ಜಾಗದಲ್ಲಿ ಈಗ ತಟ್ಟೆಯಗಲದ ಬೆಳಕು. ಆ ಬೆಳಕಿನ ಕೊಳವೆಯಲ್ಲಿ ಧೂಳು ತೇಲುತ್ತಿತ್ತು, ಮೊದಲು ಎತ್ತಲೂ ಹೋಗದೆ, ಯಾರೋ ಹೇಳಿಕೊಡಲಿ ಎಂದು ಕಾಯುವ ಹಾಗೆ. ಮೇಷ್ಟ್ರು ಮೇಲಿನ ತೂತನ್ನೂ ಕೊರೆದು ಮುಗಿಸಿದಾಗ ಅದೇ ಧೂಳು ಮೆಲ್ಲಗೆ ಹೊರಟಿತು. ಕೆಳಗಿನಿಂದ ಬಂದು, ಖಾಲಿ ಕುರ್ಚಿಯನ್ನು ಬಳಸಿ, ಮೈಕಿನ ಕುತ್ತಿಗೆಯನ್ನು ಸವರಿ, ಮೇಲಕ್ಕೆ. ಗಾಳಿಗೆ ಒಂದು ಮೈ ಇರುವುದನ್ನು ಅವಳು ಹುಟ್ಟಿದ ಮೇಲೆ ಮೊದಲ ಸಲ ಕಂಡಳು. ಅಂಗೈಯನ್ನು ಕೆಳಗಿನ ತೂತಿನ ಮುಂದೆ ಹಿಡಿದಳು. ಹಸುಗೂಸಿನ ಮೂಗಿನಿಂದ ಬರುವಷ್ಟು. ಯಾವ ಮರದ ಎಲೆಯೊಳಗಿಂದ, ಯಾರ ಎದೆಯೊಳಗಿಂದ, ಎಷ್ಟು ಊರು ದಾಟಿ ಬಂದದ್ದೋ, ಈ ಸಾಮಾನಿನ ಕೋಣೆಯ ಗೋಡೆಯಲ್ಲಿ ಒಂದು ಕಂಡಿ ಬಿಟ್ಟರೆಂದು ಯಾವ ಬಿಂಕವೂ ಇಲ್ಲದೆ ಒಳಗೆ ಬಂದಿದೆ. ಕಣ್ಣು ತುಂಬಿತು. ಸಿಮೆಂಟು ಪುಡಿ ಬಿದ್ದಿರಬೇಕು ಎಂದು ಮೇಷ್ಟ್ರು ನೀರು ತಂದುಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ತೂತುಗಳಿಗೆ ಪೆಟ್ಟಿಗೆಗಳು ಕೂತವು, ಆಮೇಲೆ ಎಸಿ ಕೂತಿತು. ತಾಮ್ರದ ಕೊಳವೆಗಳನ್ನು ಜೋಡಿಸಿದ ಮೇಲೆ ಮೇಷ್ಟ್ರು ಸಣ್ಣ ಪಂಪೊಂದನ್ನು ಅದಕ್ಕೆ ಹಚ್ಚಿ ಅರ್ಧ ಗಂಟೆ ಸುಮ್ಮನೆ ಕೂತರು. ಏನು ಮಾಡುತ್ತಿದೆ ಅದು ಎಂದು ಕೇಳಿದ್ದಕ್ಕೆ, “ಕೊಳವೆ ಒಳಗಿನ ಗಾಳಿ ತೆಗೀತಾ ಇದೆ. ಪೂರ್ತಿ ಏನೂ ಇಲ್ಲದ ಹಾಗೆ ಮಾಡಬೇಕು, ಆಮೇಲೆ ಗ್ಯಾಸು” ಎಂದರು. ಒತ್ತಡ ಅಳೆಯುವ ಗಡಿಯಾರದಂಥ ಬಿಲ್ಲೆಯಲ್ಲಿ ಮುಳ್ಳು ಸೊನ್ನೆಗಿಂತ ಕೆಳಗಿಳಿದು ಅಲುಗದೆ ನಿಂತಿತು. ಅವಳು ಅದನ್ನೇ ನೋಡುತ್ತ ಕೂತಳು. ಏನೂ ಇಲ್ಲದಿರುವುದನ್ನು ಮಾಡುವುದಕ್ಕೂ ಇಷ್ಟು ಶ್ರಮ, ಇಷ್ಟು ಹೊತ್ತು. ಅವಳು ಅದನ್ನು ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಹೆಬ್ಬೆರಳಲ್ಲಿ ಮಾಡಿದ್ದಳು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅಕ್ಕ ಬಾಡಿಗೆ ಕಾರಿನಿಂದಿಳಿದಳು. ಬಿಳಿಕೋಲನ್ನು ಮಡಚಿ ಚೀಲದೊಳಗಿಟ್ಟು, ತಂಗಿಯ ಮೊಣಕೈ ಹಿಡಿದು ಒಳಗೆ ಬರುತ್ತ, “ಇದೇನೇ, ಮನೆಯೆಲ್ಲ ಸುಣ್ಣದ ಭಟ್ಟಿ ವಾಸನೆ” ಎಂದಳು. ಕೋಣೆಯ ಬಾಗಿಲಲ್ಲಿ ನಿಂತು ಗೋಡೆಯ ಫೋಮನ್ನು ಒತ್ತಿ ನೋಡಿದಳು, ಬಗ್ಗಿ ಪೆಟ್ಟಿಗೆಯ ಬಾಯಿಗೆ ಕೈಯೊಡ್ಡಿದಳು, ಬಹಳ ಹೊತ್ತು ಒಡ್ಡಿಯೇ ಇದ್ದಳು. “ಗಾಳಿ ಬರ್ತಿದೆ, ಬೀದಿ ಬರ್ತಿಲ್ಲ. ಇದು ಹೆಂಗ್ರೀ?”

ಮೇಷ್ಟ್ರ ಮುಖ ಅರಳಿತು. “ತಿರುವು ಅಮ್ಮಾ, ತಿರುವು. ಶಬ್ದಕ್ಕೆ ಜಂಬ—”

“ಮೇಷ್ಟ್ರೇ, ಆಮೇಲೆ” ಎಂದಳು ಅವಳು.

“ಇರಲಿ ಬಿಡೇ, ಪಾಪ. ನೀವು ಹೊರಗಿರಿ, ಮುಗಿದ ಮೇಲೆ ಪೂರ್ತಿ ಕೇಳ್ತೀನಿ” ಎಂದು ಅಕ್ಕ ಒಳಗೆ ಹೋಗಿ ನೆಲದ ಮೇಲೆ ಗೋಡೆಗೊರಗಿ ಕೂತಳು. ರೆಕಾರ್ಡು ಮಾಡಿ ಕಳಿಸುವುದು ಬೇಡ, ಇಲ್ಲೇ ಓದು, ನಾನು ಇಲ್ಲೇ ಕೇಳುತ್ತೇನೆ ಎಂದಳು. ಬಾಗಿಲು ಮುಚ್ಚಿತು. ತಣ್ಣನೆಯ ನಿಶ್ಶಬ್ದ. ಚಿಕ್ಕಂದಿನಲ್ಲಿ ಮೆಟ್ಟಿಲ ಮೇಲೆ ಓದಿದ್ದು ಬಿಟ್ಟರೆ ಅಕ್ಕನ ಎದುರು ಕೂತು ಅವಳು ಓದಿರಲಿಲ್ಲ. ಮೂರನೆಯ ಅಧ್ಯಾಯ ತೆರೆದಳು. ಮೊದಲ ಸಾಲು ಓದಿ, ಕೊನೆಯ ಪದ ಮುಗಿಯುತ್ತಲೇ ಉಸಿರು ಬಿಗಿಹಿಡಿದು, ಮುಖ ತಿರುಗಿಸಿ, ಕದ್ದು ಎಳೆದುಕೊಂಡು, ಎರಡನೆಯ ಸಾಲು. ಮೂರನೆಯದು. ಇಷ್ಟು ಸ್ವಚ್ಛವಾಗಿ ಅವಳು ಎಂದೂ ಓದಿರಲಿಲ್ಲ, ಒಂದು ಉಸಿರೂ ಹೊರಗೆ ಚೆಲ್ಲಲಿಲ್ಲ.

“ನಿಲ್ಲಿಸು” ಎಂದಳು ಅಕ್ಕ. “ಮತ್ತೆ ಅದನ್ನೇ ಮಾಡ್ತಿದೀಯ.”

“ಏನೂ ಕೇಳಿಸ್ತಿಲ್ಲವಲ್ಲಕ್ಕ!”

“ಕೇಳಿಸ್ತಿಲ್ಲ ಅಂತಲೇ ನಾನು ಹೇಳ್ತಿರೋದು. ಸಾಲು ಮುಗಿದ ತಕ್ಷಣ ಉಸಿರು ನಿಲ್ಲಿಸ್ತೀಯ. ಮೂರು ಅಧ್ಯಾಯದಲ್ಲೂ, ಒಂದೊಂದು ಸಾಲಿಗೂ. ನೀನು ಉಸಿರು ಹಿಡ್ಕೊಂಡ್ರೆ ಪುಟ ಹಾರಿಸ್ತಿದೀಯ ಅನ್ಸುತ್ತೆ ನನಗೆ. ಆಫೀಸಿನವರ ಕೈಲಿ ಪುಸ್ತಕ ತೆಗೆಸಿ ಸಾಲುಸಾಲೂ ತಾಳೆ ನೋಡಿಸಿದೆ. ಒಂದಕ್ಷರ ಬಿಟ್ಟಿರಲಿಲ್ಲ ನೀನು. ಆದ್ರೂ ಎದೆ ಡವಡವ ಅನ್ನೋದು ನಿಲ್ಲಲಿಲ್ಲ.”

ಅವಳ ಕೈಯಲ್ಲಿ ಪುಸ್ತಕ ಭಾರವಾಯಿತು. ಕೋಣೆಯ ಹದಿನಾಲ್ಕು ಕೇಜಿಯೂ ಬಂದು ಅವಳ ಎದೆಯ ಮೇಲೆ ಕೂತಿತ್ತು.

“ಚಿಕ್ಕವಳಿದ್ದಾಗ ನಾಯಿಮರಿ ಥರ ಉಸಿರು ಬಿಟ್ಕೊಂಡು ಓದೋಳು ನೀನು. ಅವತ್ತು ಒಂದು ಪುಟದ ಕೊನೇಲಿ ಉಸಿರೇ ನಿಂತುಹೋಯ್ತು. ಆಮೇಲೆ ದಪ್ಪಗೆ ಹಾಳೆ ತಿರುಗಿದ ಶಬ್ದ. ಐದೋ ಆರೋ.”

“ಆರು” ಎಂದಳು ಅವಳು.

“ಆರಾ? ನಾನು ಐದು ಅಂತಿದ್ದೆ.”

“ಗೊತ್ತಿದ್ದೂ ಯಾಕೆ ಕೇಳಲಿಲ್ಲ ಅಕ್ಕ? ಬೈದಿದ್ರೆ ಓದ್ತಿದ್ದೆ.”

“ಬೈದಿದ್ರೆ ಮಾರನೇ ದಿನ ಬರ್ತಿದ್ಯಾ? ಆರು ಹಾಳೆ ಹೋದ್ರೆ ಹೋಗ್ಲಿ, ಮಿಕ್ಕ ಇನ್ನೂರು ಪುಟಕ್ಕೆ ನೀನೇ ಬೇಕಿತ್ತಲ್ಲ ನನಗೆ. ಬೇರೆಯವರ ಕಣ್ಣಲ್ಲಿ ಓದೋರು ಮೊದಲು ಕಲಿಯೋದು ಬಾಯಿ ಮುಚ್ಕೊಂಡಿರೋದನ್ನ.” ಅಕ್ಕ ಇದನ್ನು ಮೊಣಕಾಲು ನೋವಿನ ಬಗ್ಗೆ ಹೇಳುವಷ್ಟೇ ಸಲೀಸಾಗಿ ಹೇಳಿದಳು. ಅದರಲ್ಲಿ ಕೋಪವಿರಲಿಲ್ಲ, ಕ್ಷಮೆಯೂ ಇರಲಿಲ್ಲ, ಎಂಬುದು ಅವಳಿಗೆ ಆಮೇಲೆ ಹೊಳೆಯಿತು.

“ಹಾಗಾದ್ರೆ ಉಸಿರು ಸರಿಪಡಿಸಿ ಅಂದ್ರೆ...”

“ಉಸಿರಾಡು ಅಂತ ಕಣೇ, ಕತ್ತೆ. ಉಸಿರಾಡಿ ಅಂತ ಚೀಟೀಲಿ ಬರೆಸೋಕಾಗುತ್ತಾ? ಸತ್ತೋರಿಗೆ ಬರೆದ ಹಾಗಿರುತ್ತೆ.”

ನಗು ಎಲ್ಲಿಂದ ಬಂತೋ. ಮೊದಲು ಅವಳ ಮೂಗಿನಿಂದ, ಆಮೇಲೆ ಗಂಟಲಿನಿಂದ, ಅಳುವಿನ ಜೊತೆ ಕಲಸಿಕೊಂಡು. ಅಕ್ಕ ನೆಲದಲ್ಲಿ ತಡಕಿ ಅವಳ ಪಾದ ಹಿಡಿದು ಅಲುಗಿಸಿದಳು, ಚಿಕ್ಕಂದಿನಲ್ಲಿ ನಿದ್ದೆಯಿಂದ ಎಬ್ಬಿಸುತ್ತಿದ್ದ ಹಾಗೆ. “ಅದಿರಲಿ. ಏನಿತ್ತೇ ಆ ಪುಟಗಳಲ್ಲಿ? ಎಷ್ಟು ಸಲ ಕೇಳಬೇಕು ಅಂದ್ಕೊಂಡಿದೀನಿ.”

ಅವಳು ಬಾಯಿ ತೆರೆದಳು. ನಲವತ್ತೊಂದು ವರ್ಷ ಆ ಆರು ಹಾಳೆಗಳನ್ನು ಹೊತ್ತು ತಿರುಗಿದವಳು, ಅವುಗಳ ಅಂಚು, ಹೆಬ್ಬೆರಳಿಗೆ ಒತ್ತಿದ ದಪ್ಪ, ಎಲ್ಲ ಬಲ್ಲವಳು. ಬಲಗಡೆ ಮೂಲೆಯಲ್ಲಿ ಒಂದು ಸೇತುವೆಯ ಚಿತ್ರ ಕ್ಷಣಮಾತ್ರ ಕಂಡಿತ್ತೇನೋ. ಅದರ ಕೆಳಗೆ? ಯಾವ ರಾಜ, ಯಾವ ಯುದ್ಧ, ಯಾವ ನದಿಯ ಮೇಲಿನ ಸೇತುವೆ?

“ಗೊತ್ತಿಲ್ಲ ಅಕ್ಕ. ನಾನೂ ಓದಿಲ್ಲ.”

ಅಕ್ಕ “ಅಯ್ಯೋ,” ಎಂದಳು, ಬಹಳ ಮೆಲ್ಲಗೆ, ಯಾವುದೋ ಎತ್ತರದಿಂದ ಕೆಳಗೆ ನೋಡಿದವರ ಹಾಗೆ. “ಹೌದಲ್ವೇ. ನೀನೂ ಓದಿಲ್ಲ.” ಇಬ್ಬರೂ ಆ ಹನ್ನೆರಡು ಪುಟಗಳ ದಡದಲ್ಲಿ ಕೂತಿದ್ದರು. ಒಬ್ಬಳ ಬದುಕನ್ನು ಒಂದು ಕಡೆಗೂ ಇನ್ನೊಬ್ಬಳ ಬದುಕನ್ನು ಇನ್ನೊಂದು ಕಡೆಗೂ ತಿರುಗಿಸಿದ ಆ ಜಾಗವನ್ನು ಇಬ್ಬರೂ ಕಂಡವರಲ್ಲ. ಅಷ್ಟು ದೊಡ್ಡದಾಗಿತ್ತು ಅದು. ಅಳೆಯಲು ಹೋದರೆ ಈ ಕೋಣೆ ಸಾಲದು, ಮನೆ ಸಾಲದು. ಅವಳಿಗೆ ಭಯವಾಗಲಿಲ್ಲ; ಬೆಟ್ಟದ ಬುಡದಲ್ಲಿ ನಿಂತ ಮಗುವಿನ ಹಾಗೆ ಮುಖವೆತ್ತಿ ನೋಡುತ್ತ ಕೂತಳು.

“ಕ್ಷಮಿಸು ಅಂತ ಕೇಳಬೇಕು ಅಂತ...”

“ಕೇಳಬೇಡ. ಅದನ್ನ ಕೇಳಿದ್ರೆ ನಾನು ಏನಾದ್ರೂ ಹೇಳಬೇಕಾಗುತ್ತೆ.” ಅಕ್ಕ ಪಾದವನ್ನು ಬಿಟ್ಟು ಮತ್ತೆ ಗೋಡೆಗೊರಗಿ, ಸೆರಗು ಹೊದ್ದುಕೊಂಡಳು. “ಚಳಿ ಮಾಡಿಬಿಟ್ಟಿದ್ದಾನೆ ನಿಮ್ಮ ಮೇಷ್ಟ್ರು. ಓದು. ಮೊದಲಿಂದ ಓದು. ಚೆನ್ನಾಗಿದ್ರೆ ನಾಳೆ ಕಳಿಸು, ಇಲ್ದಿದ್ರೆ ಯಂತ್ರ ಇದ್ದೇ ಇದೆ.”

ಅವಳು ಮೂಗೊರೆಸಿಕೊಂಡು ಮೈಕನ್ನು ಹತ್ತಿರಕ್ಕೆಳೆದು ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಿತು. ಅವಳು ಉಸಿರೆಳೆದುಕೊಂಡಳು, ಮುಖ ತಿರುಗಿಸದೆ, ಹೊಟ್ಟೆಯ ತಳದವರೆಗೆ, ಅಂಥ ಕೋಣೆಯಲ್ಲಿ ದೊಡ್ಡದಾಗಿಯೇ ಕೇಳುವ ಹಾಗೆ, ಮತ್ತು ಓದಲು ಶುರುಮಾಡಿದಳು.